ಓಡಿಹೋಗುವವರಿಗೆ ಹನ್ನೊಂದನೆಯ ನಿಯಮ

ನವೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಸ್ಥಳ: ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವ, ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು, ಪತ್ರಿಕೆಯ ಹಿಂದೆ ನಮ್ಮ ಯಜಮಾನರು, ಮೊಮ್ಮಗಳು ಮೇಘನಾ, ಅವಳನ್ನು ಮದುವೆಯಾಗಲಿರುವ ಕಲ್ಯಾಣದ ಹುಡುಗ ಸೌರಭ. ಬರುತ್ತೇನೆಂದು ಹೇಳಿ ಇನ್ನೂ ಬಾರದವರು: ಖಾರ್‌ಘರ್‌ನಲ್ಲಿರುವ ನನ್ನ ತಂಗಿ ಸುಗುಣ. ವಿಷಯ: ಮೇಘನಾ ಮತ್ತು ಸೌರಭ ಓಡಿಹೋಗುವುದು.

ಹೀಗೆ ಬರೆಯುವುದು ನನ್ನ ಹಳೆಯ ಚಾಳಿ. ಠಾಣೆಯ ಒಂದು ಆಸ್ಪತ್ರೆಯಲ್ಲಿ ನಾನು ಮೂವತ್ತಾರು ವರ್ಷ ನರ್ಸ್ ಆಗಿದ್ದವಳು. ಕೊನೆಯ ಹದಿನೆಂಟು ವರ್ಷ ವಾರ್ಡ್ ಸಿಸ್ಟರ್. ಪಾಳಿ ಮುಗಿಸಿ ಹೊರಡುವವಳು ಮುಂದಿನ ಪಾಳಿಯವಳಿಗಾಗಿ ಒಂದು ಪುಸ್ತಕದಲ್ಲಿ ಎಲ್ಲ ಬರೆದಿಡಬೇಕು. ದಿನ, ಗಂಟೆ, ಯಾರಿದ್ದರು, ಏನಾಯಿತು, ಕೊನೆಯ ಕೆಲಸ ಯಾವುದು. ನಿವೃತ್ತಿಯಾಗಿ ಹದಿಮೂರು ವರ್ಷವಾಯಿತು, ಮುಂದಿನ ಪಾಳಿಗೆ ಬರುವವರು ಯಾರೂ ಇಲ್ಲ, ಆದರೂ ಬರೆಯುತ್ತೇನೆ. ಹಾಲು ಉಕ್ಕಿದ್ದು, ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದು, ಯಜಮಾನರ ಬಿಪಿ, ಮೇಲಿನ ಮನೆಯವರು ಮಸಾಲೆ ಕುಟ್ಟುವ ವೇಳೆ, ಎಲ್ಲವೂ ಆ ಪುಸ್ತಕದಲ್ಲಿ ಇವೆ. ಇಷ್ಟು ವರ್ಷಗಳಲ್ಲಿ ಬರೆಯದೆ ಬಿಟ್ಟಿರುವ ಕಾಯಿಲೆ ಒಂದೇ. ಅದು ನನ್ನದೇ ಹೊಟ್ಟೆಕಿಚ್ಚು. ಅದಕ್ಕೆ ಜ್ವರವಿಲ್ಲ, ನಾಡಿ ನೋಡಿದರೆ ತಿಳಿಯುವುದಿಲ್ಲ, ರೋಗಿ ಚೆನ್ನಾಗಿ ಊಟ ಮಾಡುತ್ತಾಳೆ, ಎದುರು ಸಿಕ್ಕವರೊಡನೆ ನಗುತ್ತ ಮಾತಾಡುತ್ತಾಳೆ. ಈ ಭಾನುವಾರ ಅದು ನಾಲ್ಕು ಜನರ ಮುಂದೆ ಹೊರಬಿದ್ದಿರುವುದರಿಂದ ಇನ್ನು ಬರೆಯದಿರುವುದರಲ್ಲಿ ಅರ್ಥವಿಲ್ಲ.

ನಮ್ಮ ಕಾಲದಲ್ಲಿ ಓಡಿಹೋಗುವುದು ಎಂದರೆ ನಿಜಕ್ಕೂ ಓಡಿಹೋಗುವುದೇ ಆಗಿತ್ತು. ಹಿಂದೆ ಅಳುವವರು, ಹುಡುಕುವವರು, ಇನ್ನು ಅವಳ ಮುಖ ನೋಡುವುದಿಲ್ಲ ಎನ್ನುವವರು ಇರುತ್ತಿದ್ದರು. ಈಗ ಓಡಿಹೋಗುವವರು ಆರು ತಿಂಗಳು ಮುಂಚೆ ರಜೆ ಮಂಜೂರು ಮಾಡಿಸಿಕೊಳ್ಳುತ್ತಾರೆ. ಹುಡುಗಿಯ ತಾಯಿ ದಾರಿಗೆ ಎಷ್ಟು ಚಕ್ಕುಲಿ ಬೇಕು ಎಂದು ಕೇಳುತ್ತಾಳೆ. ಹುಡುಗನ ತಂದೆ ಸ್ಟೇಷನ್‌ವರೆಗೆ ಬಿಟ್ಟುಬರುತ್ತೇನೆ ಎನ್ನುತ್ತಾನೆ. ಅಕ್ಟೋಬರಿನಲ್ಲಿ ಮೇಘನಾ ಬಂದು ಸುದ್ದಿ ಹೇಳಿದಾಗ ನಾನು, "ಮನೆಯಲ್ಲಿ ಎಲ್ಲರೂ ಒಪ್ಪಿದ ಮೇಲೆ ಎಂತಕ್ಕೆ ಓಡಿಹೋಗುದು?" ಎಂದು ಕೇಳಿದೆ.

"ಭಾಗ್ ನಹೀ ರಹೇ, ಅಜ್ಜಿ. ಇಲೋಪ್ ಕರ್ ರಹೇ ಹೈ."

"ಓಡಿಹೋಗುದಕ್ಕೂ ಈ ಇಲೋಪಿಗೂ ವ್ಯತ್ಯಾಸ ಎಂತ?"

"ಇಸ್ ಮೇ ಫೋಟೋಗ್ರಾಫರ್ ಹೋತಾ ಹೈ." ಇದರಲ್ಲಿ ಫೋಟೋಗ್ರಾಫರ್ ಇರುತ್ತಾನಂತೆ.

ಮೇಘನಾ ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಮರಾಠಿ. ನನ್ನಿಂದ ಏನಾದರೂ ಆಗಬೇಕಾಗಿದ್ದರೆ ಮಾತ್ರ ಕನ್ನಡ. ಅವಳು ವಿವರಿಸಿದ್ದು ಇಷ್ಟು. ಹಿಮಾಚಲದಲ್ಲಿ ಹತ್ತು ಸಾವಿರ ಅಡಿ ಎತ್ತರದಲ್ಲಿ ಒಂದು ಸರೋವರವಿದೆ. ಕೆಳಗಿನ ಹಳ್ಳಿಯಿಂದ ಜೀಪಿನಲ್ಲಿ ಹೋಗಿ, ಕೊನೆಯ ಮುಕ್ಕಾಲು ಗಂಟೆ ನಡೆಯಬೇಕು. ಅಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ, ಫೋನ್ ಸಿಗುವುದಿಲ್ಲ. ಬರುವ ಮೇ ತಿಂಗಳಲ್ಲಿ ಆ ನೀರಿನ ಮುಂದೆ ಇಬ್ಬರೂ ಹಾರ ಬದಲಾಯಿಸಿಕೊಳ್ಳುತ್ತಾರೆ. ಹಳ್ಳಿಯ ಪುರೋಹಿತರು ಮಂತ್ರ ಹೇಳುತ್ತಾರೆ. ಎರಡೂ ಕಡೆಯ ತಂದೆತಾಯಿ ಬರುವುದಿಲ್ಲ. ಅವರು ಬಂದರೆ ಸೌರಭನ ಭಿವಂಡಿಯ ಮಾವಶಿಯನ್ನು, ಎಂದರೆ ದೊಡ್ಡಮ್ಮನನ್ನು, ಬಿಡಲಾಗುವುದಿಲ್ಲ, ಮಾವಶಿ ಬಂದರೆ ಅವಳ ಮೂವರು ಸೊಸೆಯಂದಿರನ್ನು ಬಿಡಲಾಗುವುದಿಲ್ಲ, ಅಲ್ಲಿಗೆ ಸರೋವರದ ಬದಲು ಕಲ್ಯಾಣದಲ್ಲಿ ಮದುವೆಯ ಹಾಲ್ ಹಿಡಿಯುವುದೇ ಸುಲಭ. ಹಾಲ್‌ನ ಊಟ ಅವರು ಹಿಂದಿರುಗಿದ ಮೇಲೆ. ಸರೋವರಕ್ಕೆ ಆಶೀರ್ವಾದ ಮಾಡಲು ಒಬ್ಬರೇ ಹಿರಿಯರು. ಅದು ಯಾರೆಂದು ಆಮೇಲೆ ಹೇಳುತ್ತೇವೆ, ಸರ್‌ಪ್ರೈಸ್, ಎಂದಳು.

ನನಗೆ ಮೊದಲು ನಗು ಬಂತು, ಆಮೇಲೆ ಬಂದದ್ದು ನಗುವಲ್ಲ. ನನ್ನ ಮದುವೆ ಉಡುಪಿಯಲ್ಲಿ ಎಂಟುನೂರು ಜನರ ನಡುವೆ ಆಯಿತು. ಹೋಮದ ಹೊಗೆ, ಎದುರಿಗೆ ವೀಳ್ಯದೆಲೆಯ ತಟ್ಟೆ ಹಿಡಿದ ಅತ್ತೆಯಂದಿರು, ಎಲ್ಲಿಯೋ ಒಂದು ಮಗು ಕಳೆದುಹೋಯಿತೆಂಬ ಗದ್ದಲ. ಇವರ ಮುಖ ಸರಿಯಾಗಿ ಕಂಡದ್ದು ಮೂರನೆಯ ದಿನ. ಅಲ್ಲಿಯವರೆಗೆ ನನಗೆ ಪರಿಚಯವಿದ್ದದ್ದು ಇವರ ಒಂದು ಕಿವಿ ಮಾತ್ರ. ಇಲ್ಲಿ ನೋಡಿದರೆ ಈ ಹುಡುಗಿಗೆ ಒಂದು ಇಡೀ ಸರೋವರ, ಸುತ್ತ ಬೆಟ್ಟ, ಎದುರಿಗೆ ಅವನೊಬ್ಬನೇ. "ನಾವೂ ಹಾಗೆ ಓಡಿಹೋಗ್ಬಹುದಿತ್ತು," ಎಂದು ಇವರಿಗೆ ಹೇಳಿದೆ. ಇವರು ಪತ್ರಿಕೆ ಮಡಚದೆ, "ನೀನು ಹೇಳಿದ ಟೈಮಿಗೆ ನಾನು ಬರ್ತಿರ್ಲಿಲ್ಲ. ನೀನು ಕಾಯ್ತಿರ್ಲಿಲ್ಲ," ಎಂದರು.

ಯೋಜನೆಯಿಲ್ಲದ ಕೆಲಸ ನನ್ನ ಕಣ್ಣಿಗೆ ಬಿದ್ದರೆ ಬ್ಯಾಂಡೇಜ್ ಇಲ್ಲದ ಗಾಯದಂತೆ ಕಾಣುತ್ತದೆ. ಮರುದಿನವೇ ಇನ್ನೂರು ಪುಟದ ನೋಟ್‌ಬುಕ್ ತಂದು ಕೆಲಸಕ್ಕೆ ಕುಳಿತೆ. ಸೌರಭ ಐರೋಲಿಯ ಒಂದು ಕಂಪನಿಯಲ್ಲಿದ್ದಾನೆ. ಅವನು ಆಗಲೇ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಮಾಡಿಕೊಂಡಿದ್ದ. ಮುಗಿದ ಕೆಲಸದ ಚೌಕ ಹಸಿರು, ಮುಗಿಯದ್ದು ಹಳದಿ, ಆಗದ್ದು ಕೆಂಪು. ಬಣ್ಣ ತಾನಾಗಿಯೇ ಬದಲಾಗುವುದನ್ನು ನೋಡಿ ನನಗೆ ಆ ಶೀಟಿನ ಮೇಲೆಯೂ ಹೊಟ್ಟೆ ಉರಿಯಿತು. ಆದರೆ ಒಳ್ಳೆಯ ಹುಡುಗ. ನನ್ನ ಪುಸ್ತಕ ನೋಡಿ, "ಆಜೀ, ಹಾ ಕಾಲಮ್ ಮೀ ಕಾಪೀ ಕರೂ ಕಾ?" ಎಂದು ಒಂದು ಕಾಲಮ್ ನಕಲು ಮಾಡಿಕೊಳ್ಳಲು ಅನುಮತಿ ಕೇಳಿದ. ಅಂದಿನಿಂದ ಅವನ ಮೇಲೆ ನನಗೆ ದೂರಿಲ್ಲ.

ಹಾರದ ಸಮಸ್ಯೆ ಬಗೆಹರಿಸಿದವಳು ನಾನು. ಇಲ್ಲಿಯ ಹೂ ಅಲ್ಲಿ ತಲುಪುವಷ್ಟರಲ್ಲಿ ಒಣಗುತ್ತದೆ, ಆದ್ದರಿಂದ ಏಲಕ್ಕಿ ಹಾರ. ಉಣ್ಣೆಯ ಕಾಲುಚೀಲ, ಓಆರ್‌ಎಸ್ ಪೊಟ್ಟಣ, ಟಾರ್ಚು, ಹಳ್ಳಿಯಿಂದ ಹತ್ತಿರದ ಆಸ್ಪತ್ರೆಗೆ ಎಷ್ಟು ದೂರ, ಎಲ್ಲ ಬರೆದೆ. ನಿಯಮಗಳನ್ನೂ ಬರೆದೆ. ನಾಲ್ಕನೆಯ ನಿಯಮ: ಫೋಟೋಗ್ರಾಫರ್ ಹೇಳಿದನೆಂದು ನೀರಿನ ಕಡೆಗೆ ಬೆನ್ನು ಹಾಕಿ ಹಿಂದೆ ಹಿಂದೆ ಹೆಜ್ಜೆಯಿಡಕೂಡದು. ಏಳನೆಯದು: ಅಳುವುದಿದ್ದರೆ ಮಂತ್ರ ಮುಗಿದ ಮೇಲೆ. ಹೀಗೆ ಹತ್ತು ನಿಯಮಗಳು, ಹತ್ತೂ ನ್ಯಾಯವಾದವು.

ಆ ಒಬ್ಬ ಹಿರಿಯರು ಯಾರು ಎಂಬ ಬಗ್ಗೆ ನನಗೆ ಸಂದೇಹವಿರಲಿಲ್ಲ. ಸೌರಭನ ಅಜ್ಜ ಅಜ್ಜಿ ಈಗಿಲ್ಲ. ನಮ್ಮ ಯಜಮಾನರಿಗೆ ಮೊಣಕಾಲು ನೋವು. ಬಾಲ್ಕನಿಗೆ ಹೋಗುವುದೇ ಅವರಿಗೆ ಬೆಟ್ಟ. ಉಳಿದವಳು ನಾನು. ಲಿಫ್ಟ್ ಬಿಟ್ಟು ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತಲು ಶುರುಮಾಡಿದೆ. ಸ್ವೆಟರಿನಲ್ಲಿ ಹತ್ತುವುದು ಬೇರೆ, ಸೀರೆಯಲ್ಲಿ ಹತ್ತುವುದು ಬೇರೆ ಎಂದು ತೋರಿ, ಅಕ್ಟೋಬರಿನ ಧಗೆಯಲ್ಲಿ ಸ್ವೆಟರ್ ಹಾಕಿಕೊಂಡು ಹತ್ತಿದೆ. ಎರಡನೆಯ ಮಹಡಿಯ ಹೆಂಗಸು ಬಾಗಿಲು ತೆರೆದು, "ಕಾಕೂ, ಬರಂ ಆಹೇ ನಾ?" ಎಂದು ವಿಚಾರಿಸಿದಳು. ಆರಾಮವಾಗಿದ್ದೇನೆ ಎಂದೆ. ಅವಳು ನನ್ನ ಸೊಸೆಗೆ, ಮೇಘನಾಳ ತಾಯಿಗೆ, ಫೋನ್ ಮಾಡಿದ್ದು ಆಮೇಲೆ ತಿಳಿಯಿತು.

ಹೀಗಿರುವಾಗ ಸುಗುಣಳ ಫೋನ್ ಬಂತು.

"ಅಕ್ಕ, ನೀರಿನ ಹತ್ರ ನಿಂತ್ರೆ ಯಾವ ಬಣ್ಣದ ಸೀರೆ ಚಂದ ಕಾಣ್ತದೆ ಮಾರಾಯ್ತಿ? ಸಾಸಿವೆಯಾ, ನವಿಲು ಬಣ್ಣವಾ?"

"ಯಾರಿಗೆ?"

"ಅದು ಹೇಳ್ಲಿಕ್ಕಿಲ್ಲ. ಮೇಘಾ ಕೇಳಿದ್ಳು, ಅಷ್ಟೇ." ಎಂದು ನಕ್ಕಳು. ಸುಗುಣಳ ಆ ನಗು ನನಗೆ ಅವಳ ಲಂಗದ ವಯಸ್ಸಿನಿಂದ ಗೊತ್ತು. ಅವಳ ಕೈಯಲ್ಲಿ ನನ್ನದೊಂದು ವಸ್ತು ಇದೆ ಎಂದೇ ಅದರ ಅರ್ಥ.

ನನಗೆ ಎಲ್ಲ ಅರ್ಥವಾಗಿಹೋಯಿತು. ಸರ್‌ಪ್ರೈಸ್ ಎಂದರೆ ಸುಗುಣ. ಪಟ್ಟಿ ಮಾಡಿದವಳು ನಾನು, ಮೆಟ್ಟಿಲು ಹತ್ತಿದವಳು ನಾನು, ಸರೋವರದ ಮುಂದೆ ನವಿಲು ಬಣ್ಣದಲ್ಲಿ ನಿಲ್ಲುವವಳು ಅವಳು. ನಾನು ಬಹಳ ಶಾಂತವಾಗಿ, "ಎರಡೂ ಬೇಡ. ಬೂದಿ ಬಣ್ಣ ತಕೋ," ಎಂದೆ.

"ಬೂದಿಯಾ? ನಿನಗೆ ಬೂದಿ ಇಷ್ಟವಾ ಅಕ್ಕ?"

"ತುಂಬಾ ಇಷ್ಟ. ಮೋಡದ ಹಾಗೆ ಕಾಣ್ತದೆ."

ಬೂದಿ ಬಣ್ಣದಲ್ಲಿ ಸುಗುಣ ಒಗೆದು ಹಿಂಡಿದ ಬಟ್ಟೆಯಂತೆ ಕಾಣುತ್ತಾಳೆ. ನಾನೂ ಹಾಗೆಯೇ ಕಾಣುತ್ತೇನೆ, ನಮ್ಮಿಬ್ಬರದೂ ಒಂದೇ ಮೈಬಣ್ಣ. ಆದರೆ ಆಗ ಯೋಚನೆ ಇದ್ದದ್ದು ಅವಳ ಬಗ್ಗೆ ಮಾತ್ರ.

ಸುಗುಣಳ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕುಟುಂಬದಲ್ಲಿ ಓಡಿಹೋಗುವುದರಲ್ಲಿ ಪರಿಣತೆ ಎಂದು ಹೆಸರಾದವಳು ಅವಳೇ. ನಲವತ್ತನಾಲ್ಕು ವರ್ಷದ ಹಿಂದೆ, ಟೈಪಿಂಗ್ ಕಲಿಯಲು ಊರಿನಿಂದ ಬಂದು ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದಾಗ, ವಿಠ್ಠಲವಾಡಿಯ ವಸಂತ ಎಂಬ ಮರಾಠಿ ಹುಡುಗನನ್ನು ಮೆಚ್ಚಿದಳು. ಅಪ್ಪ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಅಂಬರನಾಥಕ್ಕೆ ಹೋಗಿ, ಶಿವ ದೇವಸ್ಥಾನದ ಹತ್ತಿರ ಪುರೋಹಿತರೊಬ್ಬರ ಮನೆಯಲ್ಲಿ ಮದುವೆಯಾಗಿ ಬಂದರು. ಈ ಕಥೆಯನ್ನು ಸುಗುಣ ಪ್ರತಿ ನಾಮಕರಣದಲ್ಲಿ, ಪ್ರತಿ ಗೃಹಪ್ರವೇಶದಲ್ಲಿ ಹೇಳುತ್ತಾಳೆ. "ಎಂತ ಯೋಚನೆ ಮಾಡ್ಲಿಲ್ಲ ಮಾರಾಯ್ರೆ. ಬೆಳಿಗ್ಗೆ ಎದ್ದೆ, ಮನಸ್ಸಾಯ್ತು. ಅವರ ಕೈ ಹಿಡಿದೆ. ಬಂದ ರೈಲಿಗೆ ಹತ್ತಿದ್ವಿ." ಕೇಳಿದ ಹುಡುಗಿಯರ ಕಣ್ಣು ಹೊಳೆಯುತ್ತದೆ. ಮೇಘನಾ ಇದನ್ನು ಹತ್ತು ಸಲವಾದರೂ ಕೇಳಿದ್ದಾಳೆ. ನಾನು ಆ ಹೊತ್ತಿಗೆ ಒಳಗೆ ಹೋಗಿ ಪಾಯಸ ಕಲಕುತ್ತೇನೆ.

ಏಕೆಂದರೆ ಆ ರೈಲು ಬಂದ ರೈಲಲ್ಲ, ನಾನು ಆರಿಸಿದ ರೈಲು. ಏಳು ಐವತ್ತರದ್ದು. ಬೆಳಗಿನ ಹೊತ್ತು ನಮ್ಮವರೆಲ್ಲ ಮುಂಬಯಿಯ ಕಡೆಗೆ ಮುಖ ಮಾಡಿರುತ್ತಾರೆ. ಎದುರು ದಿಕ್ಕಿನ ಗಾಡಿ ಖಾಲಿ, ಅದರಲ್ಲಿ ಗುರುತಿನವರು ಸಿಗುವುದಿಲ್ಲ ಎಂದು ಲೆಕ್ಕ ಹಾಕಿದವಳು ನಾನು. ಪುರೋಹಿತರನ್ನು ಹುಡುಕಿದವಳು ನಾನು. ಅವರ ತಾಯಿ ನನ್ನ ವಾರ್ಡಿನಲ್ಲಿ ಹದಿನೈದು ದಿನ ಇದ್ದರು. ಒಂದು ಚೀಟಿಯಲ್ಲಿ ಎಲ್ಲ ಬರೆದು ಸುಗುಣಳ ಕೈಗಿಟ್ಟೆ, ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡೆ. ಅಪ್ಪ ಕೇಳಿದಾಗ, "ನನಗೆ ಗೊತ್ತಿಲ್ಲ, ಡ್ಯೂಟಿಯಲ್ಲಿದ್ದೆ," ಎಂದೆ. ಅದು ಸುಳ್ಳಲ್ಲ. ಅಂದು ಬೆಳಿಗ್ಗೆ ಠಾಣೆಗೆ ಹೋಗುವ ಪ್ಲಾಟ್‌ಫಾರ್ಮಿನಲ್ಲಿ ನಾನು ನಿಂತಿದ್ದೆ, ಹಳಿಯಾಚೆಯ ಪ್ಲಾಟ್‌ಫಾರ್ಮಿನಲ್ಲಿ ಅವರಿಬ್ಬರಿದ್ದರು. ಕೈ ಬೀಸಲಿಲ್ಲ. ಅಂದಿನಿಂದ ಈ ಭಾನುವಾರದವರೆಗೆ ನಮ್ಮ ಯಜಮಾನರಿಗೂ ಹೇಳಿರಲಿಲ್ಲ. ಸುಗುಣ ಆಣೆಯನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ನಾನೊಬ್ಬಳಿದ್ದೆ ಎಂಬುದೇ ಅವಳಿಗೆ ಮರೆತುಹೋಗಿದೆ ಎಂದು ನನಗೆ ಅನ್ನಿಸತೊಡಗಿತ್ತು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಹನ್ನೊಂದನೆಯ ನಿಯಮ ಬರೆದೆ. "ಎತ್ತರದ ಸ್ಥಳದಲ್ಲಿ ಉಸಿರಾಟದ ತೊಂದರೆಯಾಗುವ ಸಂಭವವಿರುವುದರಿಂದ ಎಪ್ಪತ್ತು ಮೀರಿದವರು ಬರಕೂಡದು" ಎಂದು ಬರೆಯಲು ಹೊರಟವಳು ಪೆನ್ನು ನಿಲ್ಲಿಸಿದೆ. ಸುಗುಣಳಿಗೆ ಈ ಮಳೆಗಾಲದಲ್ಲಿ ಅರವತ್ತಾರು ತುಂಬಿತ್ತು. ಅರವತ್ತೈದು ಎಂದು ಬರೆದೆ. ವಯಸ್ಸಾದವರು ಎತ್ತರಕ್ಕೆ ಹೋಗುವ ಮುಂಚೆ ಡಾಕ್ಟರಿಗೆ ತೋರಿಸಬೇಕು ಎಂಬುದು ಸರಿಯಾದ ಮಾತು. ಅರವತ್ತೈದೆಂಬ ಗೆರೆ ಯಾವ ಡಾಕ್ಟರೂ ಎಳೆದದ್ದಲ್ಲ, ನಾನು ಎಳೆದದ್ದು. ಇಷ್ಟು ವರ್ಷಗಳ ಬರವಣಿಗೆಯಲ್ಲಿ ನನ್ನ ಕೈಯಿಂದಾದ ಮೊದಲ ಸುಳ್ಳು ನಮೂದು ಅದು.

ಓದುಗರು ಈಗಾಗಲೇ ಕೇಳಿರಬಹುದು, ನಿಮ್ಮ ವಯಸ್ಸೆಷ್ಟು ಎಂದು. ಎಪ್ಪತ್ತೊಂದು. ಇದು ಬರೆಯುವಾಗ ನನ್ನ ತಲೆಗೆ ಬರಲೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಮಾತ್ರ ನಂಬುತ್ತಾರೆ. ಭೇಟಿಯ ವೇಳೆ ಸಂಜೆ ನಾಲ್ಕರಿಂದ ಆರು ಎಂದು ವಾರ್ಡಿನ ಬಾಗಿಲಿಗೆ ಬೋರ್ಡ್ ಹಾಕಿದವಳು ನಾನೇ. ಆ ಬೋರ್ಡಿನ ಕೆಳಗಿನಿಂದ ದಿನಕ್ಕೆ ನೂರು ಸಲ ಒಳಗೆ ಹೊರಗೆ ಓಡಾಡಿದವಳೂ ನಾನೇ. ನಿಯಮ ಇರುವುದು ರೋಗಿಗಳಿಗೆ, ನೋಡಲು ಬರುವವರಿಗೆ. ಸಿಸ್ಟರ್ ಆ ಲೆಕ್ಕಕ್ಕೆ ಸೇರುವುದಿಲ್ಲ.

ಭಾನುವಾರಕ್ಕೆ ಬರುತ್ತೇನೆ. ಒಂಬತ್ತೂ ಕಾಲಿಗೆ ನಾನು ಪುಸ್ತಕ ತೆರೆದು ಓದತೊಡಗಿದೆ. ಸೌರಭ ಒಂದೊಂದಾಗಿ ತನ್ನ ಶೀಟಿನಲ್ಲಿ ಸೇರಿಸುತ್ತ ಹೋದ. ಏಳನೆಯ ನಿಯಮಕ್ಕೆ ಮೇಘನಾ ನಕ್ಕಳು. ಹನ್ನೊಂದನೆಯದನ್ನು ಓದಿದೆ. ಸೌರಭನ ಬೆರಳು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪತ್ರಿಕೆ ಎರಡು ಅಂಗುಲ ಕೆಳಗೆ ಬಂತು.

"ಅಜ್ಜಿ, ಪಕ್ಕಾ? ಸಿಕ್ಸ್‌ಟಿ ಫೈವ್?" ಎಂದಳು ಮೇಘನಾ.

"ಪಕ್ಕಾ. ಇದು ಮೆಡಿಕಲ್ ವಿಷಯ. ಇದರಲ್ಲಿ ದಾಕ್ಷಿಣ್ಯ ಇಲ್ಲ."

"ಕೋಯೀ ಎಕ್ಸೆಪ್ಶನ್?"

"ಯಾರಿಗೂ ಇಲ್ಲ."

ಅವಳು ಸೌರಭನಿಗೆ ಸನ್ನೆ ಮಾಡಿ, "ಠೀಕ್ ಹೈ. ಅಜ್ಜಿಯ ರೂಲ್ ಅಂದ್ರೆ ರೂಲ್," ಎಂದಳು. ಸೌರಭ ಏನೋ ಒತ್ತಿದ. 'ಹಿರಿಯರು' ಎಂಬ ಚೌಕ ಕೆಂಪಾಯಿತು. ನನಗೆ ಒಳಗೊಳಗೇ ಒಂದು ತಂಪು ಹರಡಿತು. ನವಿಲು ಬಣ್ಣವಿಲ್ಲ, ಬೂದಿ ಬಣ್ಣವೂ ಇಲ್ಲ.

ಸುಗುಣ ಬಂದದ್ದು ಹತ್ತು ಗಂಟೆ ನಲವತ್ತು ನಿಮಿಷಕ್ಕೆ. "ಮೆಗಾ ಬ್ಲಾಕ್ ಇತ್ತು ಅಕ್ಕ," ಎಂದಳು. ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸುವುದು ಇಲ್ಲಿ ಎಲ್ಲರಿಗೂ ಸಿಗುವ ನೆಪ. ಅವಳ ಲೈನಿನಲ್ಲಿ ಅಂದು ಬ್ಲಾಕ್ ಇರಲಿಲ್ಲ, ಶನಿವಾರವೇ ಪತ್ರಿಕೆಯಲ್ಲಿ ನೋಡಿಟ್ಟಿದ್ದೆ. ಆದರೆ ಗೆದ್ದವಳು ಸಣ್ಣ ಮಾತಿಗೆ ಇಳಿಯಬಾರದೆಂದು ನೀರು ಕೊಟ್ಟೆ. ಮೇಘನಾ ಅವಳ ಪಕ್ಕದಲ್ಲಿ ಕುಳಿತು ಮೆಲ್ಲನೆ ಹಿಂದಿಯಲ್ಲಿ ವಿಷಯ ಹೇಳಿದಳು. ಸುಗುಣ ಮೊದಲು ಬಾಯಿ ತೆರೆದಳು, ಆಮೇಲೆ ನಗಲು ಶುರುಮಾಡಿದಳು. ನೀರು ನೆತ್ತಿಗೆ ಹತ್ತಿ, ಸೌರಭ ಬೆನ್ನು ತಟ್ಟಬೇಕಾಯಿತು.

"ಅಕ್ಕ, ಎಂತ ಮಾಡಿದ್ದು ನೀನು?" ಎಂದು ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಮಡಿಲಿಗಿಟ್ಟಳು. ಬೂದಿ ಬಣ್ಣದ ರೇಷ್ಮೆ ಸೀರೆ. "ಮೇಘಾ ಹೇಳಿದ್ದು, ಅಜ್ಜಿಗೆ ಸೀರೆ ತೆಗೀಬೇಕು, ಅವರಿಗೆ ಗೊತ್ತಾಗ್ಬಾರ್ದು, ಬಣ್ಣ ಮಾತ್ರ ಹೇಗಾದ್ರೂ ಬಾಯಿ ಬಿಡಿಸಿ ಅಂತ. ನಾಲ್ಕು ಅಂಗಡಿ ತಿರುಗಿದೆ. ಬೂದಿ ಬಣ್ಣ ಅಂದ್ರೆ ಅಂಗಡಿಯವ ನನ್ನ ಮುಖ ನೋಡ್ತಾನೆ."

ನಾನು ಸೀರೆಯ ಸೆರಗು ಬಿಡಿಸಿ, ಮಡಚಿ, ಮತ್ತೆ ಬಿಡಿಸಿದೆ. ವಾರ್ಡಿನಲ್ಲಿ ಯಾವ ಆಪತ್ತಿನಲ್ಲೂ ನನ್ನ ಕೈಗೆ ಕೆಲಸ ಹೊಳೆಯದೆ ಹೋದದ್ದಿಲ್ಲ. ಈಗ ಹೊಳೆಯಲಿಲ್ಲ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ನಿಯಮ ತಪ್ಪು ಎಂದು. ಆದರೆ ಏಕೆ ತಪ್ಪು ಎಂದು ಕೇಳಿದರೆ? ಅರವತ್ತೈದು ಎಲ್ಲಿಂದ ಬಂತು ಎಂದು ಕೇಳಿದರೆ? ಮೇಘನಾ ಮುಖ ಸಣ್ಣದು ಮಾಡಿಕೊಂಡು, "ಆಪ್ ಹೀ ಥೀ ಸರ್‌ಪ್ರೈಸ್, ಅಜ್ಜಿ. ಪರ್ ಮೆಡಿಕಲ್ ಹೈ ತೋ ರಿಸ್ಕ್ ನಹೀ ಲೇಂಗೇ. ಹಮ್ ದೋನೋ ಹೀ ಚಲೇ ಜಾಯೇಂಗೇ," ಎಂದಳು. ಸರ್‌ಪ್ರೈಸ್ ನಾನೇ ಆಗಿದ್ದೆ, ಇನ್ನು ಅವರಿಬ್ಬರೇ ಹೋಗುತ್ತಾರೆ. ನನ್ನ ಮಾತನ್ನು ಅಷ್ಟು ನಂಬುವ ಹುಡುಗಿ. ಅಡುಗೆಮನೆಗೆ ಹೋಗಿ ಕುದಿಯದ ಹುಳಿಯನ್ನು ಕಲಕತೊಡಗಿದೆ.

ಊಟದ ಹೊತ್ತಿನಲ್ಲಿ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೆ. ಊಟವಾಗಿ ನಾನು ಪಾತ್ರೆ ಒರೆಸುತ್ತಿದ್ದಾಗ ಸುಗುಣ ಬಂದು ಬಾಗಿಲಿಗೆ ಒರಗಿ ನಿಂತಳು.

"ಆ ಅರವತ್ತೈದು ನನಗೆ ಅಂತ ಬರ್ದದ್ದಲ್ವಾ?"

ನಾನು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದೆ.

"ನಾನು ಹೋಗ್ತೇನೆ ಅಂತ ಹೊಟ್ಟೆಕಿಚ್ಚು ಬಂತಾ ಅಕ್ಕ?"

"ಬಂತು," ಎಂದೆ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಆ ಪದಕ್ಕೆ ನಾನು ಉತ್ತರ ಕೊಟ್ಟದ್ದು. "ನಲವತ್ತನಾಲ್ಕು ವರ್ಷದಿಂದ ಬರ್ತಾ ಉಂಟು. ಬಂದ ರೈಲಿಗೆ ಹತ್ತಿದ್ವಿ ಅಂತ ನೀನು ಹೇಳುವಾಗೆಲ್ಲ. ಅದು ಏಳು ಐವತ್ತರ ಗಾಡಿ, ಸುಗುಣಾ."

ಅವಳು ನಗಲಿಲ್ಲ. ಹಾಲ್‌ಗೆ ಹೋಗಿ ತನ್ನ ಪರ್ಸ್ ತಂದಳು. ಅದರೊಳಗಿನಿಂದ ಒಂದು ಹಳೆಯ ರೈಲ್ವೆ ಪಾಸಿನ ಕವರ್ ತೆಗೆದಳು, ಅದರೊಳಗಿನಿಂದ ಮಡಚಿ ಮಡಚಿ ಅಂಚು ಸವೆದ ಕಾಗದ. ವಸಂತ ತೀರಿಕೊಂಡು ಮೂರು ವರ್ಷ. "ಅವರು ಇದನ್ನು ಪಾಸಿನ ಒಟ್ಟಿಗೆ ಇಟ್ಕೊಂಡಿದ್ರು. ದಿನಾ ಕಿಸೆಯಲ್ಲಿ. ಅಕ್ಕ ಆಣೆ ಹಾಕಿದ್ದಾರೆ, ಬಾಯಿ ಬಿಡ್ಬೇಡ ಅಂತ ನನಗೆ ಅವರೇ ನೆನಪು ಮಾಡ್ತಿದ್ರು. ಮತ್ತೆ ನಾನು ಎಂತ ಹೇಳ್ಬೇಕಿತ್ತು ಜನರ ಹತ್ರ? ಮನಸ್ಸಾಯ್ತು ಅಂತ ಹೇಳಿದೆ."

ನನ್ನದೇ ಅಕ್ಷರ. ದಿನ, ಗಂಟೆ, ಏಳು ಐವತ್ತರ ಗಾಡಿ, ಹಿಂದಿನಿಂದ ಮೂರನೆಯ ಡಬ್ಬಿ, ಇಳಿದ ಮೇಲೆ ಎಡಕ್ಕೆ. ಕೆಳಗೆ, 'ಹಾಜರಿರುವವರು: ವಸಂತ, ಸುಗುಣ, ಪುರೋಹಿತರು, ವಾರಿಜ.' ಕೊನೆಯ ಹೆಸರು ನನ್ನದು. ಅದರ ಮೇಲೆ ಒಂದು ಗೆರೆ. ಅಪ್ಪ ಕೇಳಿದರೆ ಅಲ್ಲಿರಲಿಲ್ಲ ಎಂದು ಹೇಳಲು ಬರಬೇಕಲ್ಲ ಎಂದು ಹಿಂದಿನ ಸಂಜೆ ನಾನೇ ಎಳೆದದ್ದು. ಸುಗುಣ ಅದನ್ನು ಗಮನಿಸಿರಲಾರಳು ಎಂದುಕೊಂಡಿದ್ದೆ.

ಆಸ್ಪತ್ರೆಯ ಪುಸ್ತಕಗಳಲ್ಲಿ ತಪ್ಪು ತಿದ್ದಲು ಒಂದು ಕ್ರಮವಿದೆ. ಬಿಳಿ ಶಾಯಿ ಬಳಿಯಕೂಡದು, ಅಕ್ಷರದ ಮೇಲೆ ಅಕ್ಷರ ಬರೆಯಕೂಡದು. ಒಂದೇ ಗೆರೆ ಎಳೆಯಬೇಕು, ಕೆಳಗಿರುವುದನ್ನು ಓದಲು ಬರಬೇಕು, ಪಕ್ಕದಲ್ಲಿ ಬರೆದವಳೂ ಇನ್ನೊಬ್ಬಳೂ ಸಹಿ ಹಾಕಬೇಕು. ಎರಡನೆಯ ಸಹಿಯಿಲ್ಲದ ಗೆರೆಗೆ ಬೆಲೆಯಿಲ್ಲ. ಮನೆಯ ಹಾಲಿನವನ ಕಾರ್ಡಿಗೂ ನಾನು ಇದೇ ಕ್ರಮ ಹಿಡಿದವಳು. ನನ್ನ ಮನೆಯಲ್ಲಿ ಎರಡು ವರ್ಷವಿದ್ದ ಸುಗುಣಳಿಗೆ ಅದು ಬಾಯಿಪಾಠ.

"ಎರಡನೇ ಸಹಿ ಎಲ್ಲುಂಟು?" ಎಂದು ಗೆರೆಯ ಮೇಲೆ ಬೆರಳಿಟ್ಟಳು. "ಇಲ್ಲ ಅಲ್ವಾ? ಹಾಗಾದ್ರೆ ನಿನ್ನ ಕಾನೂನಿನ ಪ್ರಕಾರ ನೀನು ಆ ದಿನ ಅಲ್ಲಿ ಇದ್ದಿ, ಅಕ್ಕ. ನನ್ನ ಲೆಕ್ಕದಲ್ಲಿ ಯಾವಾಗ್ಲೂ ಇದ್ದಿ. ಈ ಸಲವಾದ್ರೂ ಸರಿಯಾಗಿ ಕಾಟು ಹೊಡಿ, ಬಾ."

ಹಾಲ್‌ಗೆ ಬಂದು ಎಲ್ಲರ ಮುಂದೆ ಹೇಳಿದೆ. ಅರವತ್ತೈದು ಎಲ್ಲಿಂದ ಬಂತು, ಬೂದಿ ಎಲ್ಲಿಂದ ಬಂತು, ಏಳು ಐವತ್ತರ ಗಾಡಿ ಯಾರದ್ದು. ಮೇಘನಾ ಚೀಟಿಯನ್ನು ಎರಡು ಸಲ ಓದಿ, "ಅಜ್ಜಿ, ತುಮ್ಹೀ?" ಎಂದು ಮರಾಠಿಗೆ ಹೋಗಿಬಿಟ್ಟಳು. ಸೌರಭ ಅದನ್ನು ನೋಡಿ, ಬಹಳ ಗೌರವದಿಂದ, ಡಬ್ಬಿಯ ಸಂಖ್ಯೆ ಕೂಡ ಬರೆದಿದ್ದಾರೆ ಎಂದ. ನಾನು ಇವರ ಕಡೆಗೆ ತಿರುಗಿ, "ನಿಮಗೆ ಹೇಳದೆ ಇದ್ದದ್ದು ತಪ್ಪಾಯ್ತು," ಎಂದೆ.

ಪತ್ರಿಕೆ ಪೂರ್ತಿ ಕೆಳಗೆ ಬಂತು. "ಹೇಳ್ಲಿಕ್ಕೆ ಎಂತ ಉಂಟು? ಸುಗುಣ ಒಬ್ಬಳೇ ಹೊರಟು ಏಳು ಐವತ್ತರ ಗಾಡಿ ಹಿಡಿದ್ಳು ಅಂದ್ರೆ ಯಾರು ನಂಬ್ತಾರೆ? ನನಗೆ ಅವತ್ತೇ ಗೊತ್ತಿತ್ತು. ನಿಮ್ಮ ಅಪ್ಪನಿಗೂ ಗೊತ್ತಿತ್ತು." ಎಂದು ಪತ್ರಿಕೆ ಮೇಲಕ್ಕೆತ್ತಿದರು. ನಲವತ್ತನಾಲ್ಕು ವರ್ಷ ನಾನು ಕಾಪಾಡಿದ ಗುಟ್ಟಿಗೆ ಬಂದ ಮರ್ಯಾದೆ ಇಷ್ಟು.

ಐದು ಗಂಟೆ ಹತ್ತು ನಿಮಿಷಕ್ಕೆ ಹನ್ನೊಂದನೆಯ ನಿಯಮದ ಮೇಲೆ ಒಂದೇ ಗೆರೆ ಎಳೆದೆ. ಕೆಳಗಿನದು ಓದಲು ಬರುತ್ತದೆ, ಬರಲಿ. ಪಕ್ಕದಲ್ಲಿ, 'ವಯಸ್ಸು ಎಷ್ಟೇ ಇರಲಿ, ಹೋಗುವವರೆಲ್ಲರೂ ಮೊದಲು ಡಾಕ್ಟರಿಗೆ ತೋರಿಸತಕ್ಕದ್ದು' ಎಂದು ಬರೆದು ಸಹಿ ಹಾಕಿದೆ. ಎರಡನೆಯ ಸಹಿ ಸುಗುಣಳದು, ಅಂಚಿನ ಗೆರೆ ದಾಟಿ, ಓರೆಯಾಗಿ. ಅವಳು ಸಹಿ ಹಾಕಿದ್ದು ನಾನು ಹೋಗಲೆಂದು, ತಾನು ಹೋಗಲೆಂದಲ್ಲ. ಅದು ಆ ಓರೆ ಅಕ್ಷರ ನೋಡುತ್ತಿದ್ದಾಗ ನನಗೆ ತಟ್ಟಿತು. "ಇಬ್ಬರು ಹಿರಿಯರು ಬಂದ್ರೆ ಜೀಪಿನಲ್ಲಿ ಜಾಗ ಉಂಟಾ?" ಎಂದು ಮೇಘನಾಳನ್ನು ಕೇಳಿದೆ.

"ಉಂಟು ಅಜ್ಜಿ," ಎಂದಳು, ಶುದ್ಧ ಕನ್ನಡದಲ್ಲಿ. "ಆದ್ರೆ ದಾರಿಯಲ್ಲಿ ಜಗಳ ಆಡ್ಬಾರ್ದು. ಅದು ಹನ್ನೆರಡನೇ ರೂಲ್. ಬರೀರಿ."

ಬರೆದೆ. ಕೆಂಪು ಚೌಕ ಹಸಿರಾಯಿತು. ಹಾಜರಿರುವವರ ಪಟ್ಟಿಯಲ್ಲಿ ಮೇಘನಾ, ಸೌರಭ, ಅವರ ಕೆಳಗೆ ವಾರಿಜ, ಅದರ ಕೆಳಗೆ ಸುಗುಣ. ಹಿರಿಯರನ್ನು ಹಿರಿತನದ ಕ್ರಮದಲ್ಲಿಯೇ ಬರೆಯಬೇಕಲ್ಲ. ಹೊರಡುವಾಗ ಸುಗುಣ, ತಾನು ಸಾಸಿವೆ ಬಣ್ಣದ್ದು ತೆಗೆದುಕೊಳ್ಳುತ್ತೇನೆ ಎಂದಳು. ಬೂದಿ ಬಣ್ಣದ ಪಕ್ಕದಲ್ಲಿ ಅದು ಬಹಳ ಎದ್ದು ಕಾಣುತ್ತದಂತೆ. ನಾನು ಹನ್ನೆರಡನೆಯ ನಿಯಮ ನೆನೆದು ಸುಮ್ಮನಾದೆ. ಹೇಗೂ ಹಿಂದಿರುಗಿದ ಮೇಲೆ ಈ ಸರೋವರದ ಕಥೆಯನ್ನು ಅವಳು ಪ್ರತಿ ನಾಮಕರಣದಲ್ಲಿ ಹೇಳುತ್ತಾಳೆ. ಈ ಸಲ ಪಕ್ಕದಲ್ಲಿ ಕುಳಿತು ಗಂಟೆ ನಿಮಿಷ ತಿದ್ದಲು ನಾನಿರುತ್ತೇನೆ.

ಸಂಜೆ ಐದು ಗಂಟೆ ಐವತ್ತು ನಿಮಿಷ. ಕೊನೆಯ ಕೆಲಸ: ಪ್ರಯಾಣದ ಯೋಜನೆಯ ಒಂದು ಪ್ರತಿಯನ್ನು ಸುಗುಣಳಿಗಾಗಿ ನಕಲು ಮಾಡಿ ಅವಳ ಪರ್ಸಿನಲ್ಲಿಟ್ಟದ್ದು. ಹೊರಡುವ ದಿನ ಕಲ್ಯಾಣ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಬೇಕಾದ ವೇಳೆ ಬೆಳಿಗ್ಗೆ ಒಂಬತ್ತು. ಅವಳ ಪ್ರತಿಯಲ್ಲಿ ಏಳೂವರೆ ಎಂದು ಬರೆದಿದ್ದೇನೆ. ನನ್ನ ಕೈಯ ಎರಡನೆಯ ಸುಳ್ಳು ನಮೂದು. ಇದಕ್ಕೆ ಎರಡನೆಯ ಸಹಿ ಕೇಳುವುದಿಲ್ಲ.